ತಿರುಗುವ ಎಲ್‌ಇಡಿ ಫಲಕ: ಬರಹ ಜಾರುತ್ತಿದೆ, ಒತ್ತಕ್ಷರ ಮೂಡುತ್ತಿಲ್ಲ

ಪ್ರಶ್ನೆ:
ನವೆಂಬರ್ 1ರಂದು ಬಸವನಗುಡಿಯ ನಮ್ಮ ಬೀದಿಯ ರಾಜ್ಯೋತ್ಸವ ಪೆಂಡಾಲಿನಲ್ಲಿ ಇಡಲೆಂದು ತಿರುಗುವ ಎಲ್‌ಇಡಿ ಫಲಕವೊಂದನ್ನು (ವೇಗವಾಗಿ ಸುತ್ತುವ ದೀಪಗಳು ಹೊತ್ತಿ ಆರುತ್ತ ಗಾಳಿಯಲ್ಲಿ ಬರಹ ಮೂಡಿಸುವಂಥದ್ದು) ಕಟ್ಟುತ್ತಿದ್ದೇನೆ. ಎಸ್.ಪಿ. ರಸ್ತೆಯಲ್ಲಿ ಕೊಂಡ 12 ವೋಲ್ಟ್ ಡಿಸಿ ಮೋಟಾರಿನ ಮೇಲೆ ಅಡ್ಡಪಟ್ಟಿ, ಅದರ ತುದಿಯಲ್ಲಿ ನೆಟ್ಟಗೆ ನಿಲ್ಲಿಸಿದ 8 ಕೆಂಪು ಎಲ್‌ಇಡಿ, ನಡುವೆ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ನಿಯಂತ್ರಕ ಬೋರ್ಡ್, ಅಕ್ಷದಿಂದ ಸುಮಾರು 6 ಸೆಂ.ಮೀ. ದೂರದಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕೂರಿಸಿದ 9 ವೋಲ್ಟ್ ಬ್ಯಾಟರಿ ಇವೆ. ವೇಗ ನಿಮಿಷಕ್ಕೆ ಸುಮಾರು 1500 ಸುತ್ತು. ಇಂಗ್ಲಿಷ್ ಅಕ್ಷರಗಳು ಓದಲು ಬರುತ್ತವೆ, ಆದರೆ ಕೋಡಿನ ಡಿಲೇಯನ್ನು (ದೀಪಗಳನ್ನು ಬದಲಿಸುವ ನಡುವೆ ಕಾಯುವ ಸಮಯ) ಎಷ್ಟು ತಿದ್ದಿದರೂ ಬರಹ ಒಂದೆಡೆ ನಿಲ್ಲದೆ ಸುತ್ತಲೂ ಜಾರುತ್ತದೆ. ‘ರಾಜ್ಯೋತ್ಸವ’ ಎಂದು ಬರೆದರಂತೂ ಒತ್ತುಗಳೆಲ್ಲ ಕಲಸಿಹೋಗುತ್ತವೆ. ಡಬ್ಲ್ಯುಎಸ್2812 ಎಂಬ ಬಣ್ಣದ ಎಲ್‌ಇಡಿ ಪಟ್ಟಿ ಹಾಕಿದರೆ ಎರಡೂ ಸರಿಹೋಗುತ್ತವೆಯೇ?

ಉತ್ತರ 1:
ಜಾರುವಿಕೆಗೂ ಎಲ್‌ಇಡಿಯ ಬಗೆಗೂ ಸಂಬಂಧವಿಲ್ಲ. ಡಿಸಿ ಮೋಟಾರಿನ ವೇಗ ವೋಲ್ಟೇಜ್, ಗಾಳಿಯ ತಡೆ, ಬೇರಿಂಗಿನ ಬಿಸಿ ಇವುಗಳಿಗೆ ತಕ್ಕಂತೆ ಸದಾ ಏರಿಳಿಯುವುದರಿಂದ, ಕೋಡಿನಲ್ಲಿ ಬರೆದಿಟ್ಟ ಯಾವ ಸ್ಥಿರ ಡಿಲೇಯೂ ಅದಕ್ಕೆ ಹೊಂದಿಕೊಳ್ಳಲಾರದು. ತಿರುಗುವ ಪಟ್ಟಿಯಲ್ಲಿ ಅಯಸ್ಕಾಂತ ಹತ್ತಿರ ಬಂದರೆ ಗುರುತಿಸುವ ಎ3144 ಹಾಲ್ ಸೆನ್ಸರ್, ತಳದ ಹಲಗೆಯ ಮೇಲೆ ಪುಟ್ಟ ಅಯಸ್ಕಾಂತ ಇರಲಿ. ಸೆನ್ಸರಿನ ಔಟ್‌ಪುಟ್ಟನ್ನು ವೋಲ್ಟೇಜನ್ನು ಎತ್ತಿ ಹಿಡಿಯುವ 10 ಕಿಲೋಓಮ್ ಪುಲ್‌ಅಪ್ ರೋಧಕದೊಂದಿಗೆ ನ್ಯಾನೋದ ಡಿ2 ಪಿನ್ನಿಗೆ ಕೊಟ್ಟು, ಪ್ರತಿ ಇಂಟರಪ್ಟಿನಲ್ಲೂ (ಅಯಸ್ಕಾಂತ ದಾಟಿದಾಗ ಸೆನ್ಸರಿನಿಂದ ಬರುವ ಸೂಚನೆ) ಹಿಂದಿನ ಸುತ್ತಿಗೆ ಹಿಡಿದ ಸಮಯವನ್ನು ಅಳೆದು, ಅದನ್ನು 180 ಕಂಬಗಳಿಗೆ (ಒಮ್ಮೆಗೆ ಬೆಳಗುವ ಚುಕ್ಕಿಗಳ ನೆಟ್ಟಗಿನ ಸಾಲುಗಳಿಗೆ) ಹಂಚಿರಿ. ನಿಮ್ಮ ವೇಗದಲ್ಲಿ ಒಂದು ಸುತ್ತಿಗೆ 40 ಮಿಲಿಸೆಕೆಂಡ್, ಅಂದರೆ ಒಂದು ಕಂಬಕ್ಕೆ ಸುಮಾರು 222 ಮೈಕ್ರೋಸೆಕೆಂಡ್ ಸಿಗುತ್ತದೆ. ವೇಗ ಬದಲಾದರೆ ಮುಂದಿನ ಸುತ್ತಿನಲ್ಲೇ ಲೆಕ್ಕವೂ ಬದಲಾಗುತ್ತದೆ, ಬರಹ ಪ್ರತಿ ಸಲವೂ ಅಯಸ್ಕಾಂತದ ಜಾಗದಿಂದಲೇ ಆರಂಭವಾಗುತ್ತದೆ.

ಉತ್ತರ 2:
ಆ 222 ಮೈಕ್ರೋಸೆಕೆಂಡಿನ ಲೆಕ್ಕವೇ ಡಬ್ಲ್ಯುಎಸ್2812 ಬೇಡವೆನ್ನುತ್ತದೆ. ಅದಕ್ಕೆ ಒಂದೊಂದು ಎಲ್‌ಇಡಿಗೆ 30 ಮೈಕ್ರೋಸೆಕೆಂಡ್ ಬೇಕು. 16 ಎಲ್‌ಇಡಿಗೆ (ಕನ್ನಡಕ್ಕೆ ಅಷ್ಟು ಬೇಕು, ಕೆಳಗೆ ಹೇಳಿದ್ದೇನೆ) 480 ಆಗುವಷ್ಟರಲ್ಲಿ ಎರಡು ಕಂಬಗಳು ದಾಟಿಹೋಗಿರುತ್ತವೆ. ಬಣ್ಣ ಬೇಕಿದ್ದರೆ ಎಪಿಎ102 ಎಂಬ ಬಣ್ಣದ ಎಲ್‌ಇಡಿ ತೆಗೆದುಕೊಳ್ಳಿ, ಅದಕ್ಕೆ ಮಾಹಿತಿ ಕಳಿಸುವ ಎಸ್‌ಪಿಐ ಸಂಪರ್ಕ 4 ಮೆಗಾಹರ್ಟ್ಸ್‌ನಲ್ಲಿದ್ದರೂ 16 ಎಲ್‌ಇಡಿಗಳ ಮಾಹಿತಿ 150 ಮೈಕ್ರೋಸೆಕೆಂಡಿನೊಳಗೆ ಮುಗಿಯುತ್ತದೆ. ಕೆಂಪೊಂದೇ ಸಾಕೆಂದರೆ ತಲಾ 8 ಎಲ್‌ಇಡಿಗಳನ್ನು ನಡೆಸುವ ಎರಡು ಟಿಪಿಐಸಿ6ಬಿ595 ಚಿಪ್ ಸಾಕು.

ಕನ್ನಡಕ್ಕೆ 16 ಸಾಲು ಬೇಕೇ ಬೇಕು. ಮೇಲೆ ಗುಡಿಸು, ತಲೆಕಟ್ಟು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು ಎಂದು ಹಂಚಿಕೊಂಡರೆ 8 ಸಾಲಿನಲ್ಲಿ ಒತ್ತಿಗೆ ಉಳಿಯುವುದು ಒಂದೋ ಎರಡೋ ಚುಕ್ಕಿ. ನ್ಯಾನೋದಲ್ಲಿ ಅಕ್ಷರ, ಒತ್ತುಗಳನ್ನು ಕೂಡಿಸುವ ಯೂನಿಕೋಡ್ ಜೋಡಣೆಯ ಗೋಜಿಗೆ ಹೋಗಬೇಡಿ. ಕಂಪ್ಯೂಟರಿನಲ್ಲೇ ಪೂರ್ತಿ ಪದವನ್ನು ಚಿತ್ರವಾಗಿ ಮೂಡಿಸಿ, ‘ತ್ಸ’ದ ಒತ್ತಿನಂಥ ಕಡೆ ಚುಕ್ಕಿಗಳನ್ನು ಕೈಯಾರೆ ತಿದ್ದಿ, ಕಂಬಕ್ಕೆ 2 ಬೈಟಿನಂತೆ ಫ್ಲ್ಯಾಶ್ ಮೆಮೊರಿಯಲ್ಲಿ ಇಡಿ. ಇಡೀ ಸುತ್ತಿಗೆ 360 ಬೈಟ್ ಅಷ್ಟೇ.

ಉತ್ತರ 3:
ಬರಹದ ಮಾತು ಆಮೇಲೆ, ಮೊದಲು ಆ ರಬ್ಬರ್ ಬ್ಯಾಂಡ್ ತೆಗೆಯಿರಿ. 45 ಗ್ರಾಂ ಬ್ಯಾಟರಿ 6 ಸೆಂ.ಮೀ. ದೂರದಲ್ಲಿ ಈ ವೇಗಕ್ಕೆ ಆರೂವರೆ ಕಿಲೋ ತೂಕಕ್ಕೂ ಹೆಚ್ಚಿನ ಬಲದಿಂದ ಹೊರಗೆ ಜಗ್ಗುತ್ತಿರುತ್ತದೆ. ಪೆಂಡಾಲಿನಲ್ಲಿ ಮಕ್ಕಳು ಮುಖವಿಟ್ಟು ನೋಡುತ್ತಾರೆಂಬುದು ನೆನಪಿರಲಿ. ಬ್ಯಾಟರಿಯನ್ನು ಅಕ್ಷದ ಮೇಲೆಯೇ ಸ್ಕ್ರೂ ಹಾಕಿದ ಡಬ್ಬಿಯೊಳಗೆ ಇಡಿ, ಇನ್ನೊಂದು ತುದಿಗೆ ನಟ್ಟುಗಳನ್ನು ಸೇರಿಸಿ ಸಮತೂಕ ಮಾಡಿ, ಸುತ್ತಲೂ ಪಾಲಿಕಾರ್ಬೊನೇಟ್ ಹಾಳೆಯ ಕವಚ ಹಾಕಿ.

ಪ್ರಶ್ನೆ ಕೇಳಿದವರು:
ಬ್ಯಾಟರಿಯನ್ನು ಅಕ್ಷಕ್ಕೆ ತಂದೆ, ನಡುಕವೂ ಕಡಿಮೆಯಾಯಿತು. ಆದರೆ ಅಯಸ್ಕಾಂತವನ್ನು ಸೆನ್ಸರಿಗೆ ತೀರ ಹತ್ತಿರ ಇಟ್ಟರೂ ಇಂಟರಪ್ಟ್ ಬರುತ್ತಿಲ್ಲ.

ಉತ್ತರ 1:
ಅಯಸ್ಕಾಂತವನ್ನು ಮಗುಚಿ ಇಟ್ಟು ನೋಡಿ. ಸೆನ್ಸರಿನ ಅಕ್ಷರ ಅಚ್ಚಾದ ಮುಖಕ್ಕೆ ಅಯಸ್ಕಾಂತದ ದಕ್ಷಿಣ ಧ್ರುವ ಎದುರಾದರೆ ಮಾತ್ರ ಎ3144 ಸ್ಪಂದಿಸುತ್ತದೆ.