ಶಿವಮೊಗ್ಗದ ತಾರಸಿಯಿಂದ ಟೆಲಿಸ್ಕೋಪಿನಲ್ಲಿ ಎಲ್ಲವೂ ಬಿಳಿಚಿಕೊಂಡು ಕಾಣುತ್ತಿದೆ. ಆಕಾಶದ ತೊಂದರೆಯೋ, ಗಾಜಿನದೋ?

ತಾರಸಿ ಮನೆ, ವಿನೋಬನಗರ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಮಗಳಿಗೆಂದು 130 ಮಿಮೀ ಕನ್ನಡಿಯ ಟೆಲಿಸ್ಕೋಪ್ ತಂದಿದ್ದೆ. ಫೋಕಲ್ ಲೆಂತ್ 650 ಮಿಮೀ. ಜೊತೆಗೆ 25 ಮತ್ತು 10 ಮಿಮೀ ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಗಾಜು. ಮೊದಲ ಚಳಿಗಾಲದಲ್ಲಿ ಓರಿಯನ್ ನೀಹಾರಿಕೆ (ಆಕಾಶದಲ್ಲಿನ ಅನಿಲದ ಮೋಡ) ಬೂದು ಬಣ್ಣದ ರೆಕ್ಕೆಯ ಹಾಗೆ ಚೆನ್ನಾಗಿಯೇ ಕಂಡಿತ್ತು. ಈ ಸಲ ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆಯಿಂದ ತೆಗೆದು ನೋಡಿದರೆ ಎಲ್ಲ ಕಡೆ ಬಿಳಿ ಬಿಳಿ. ನೀರಿಗೆ ಸ್ವಲ್ಪ ಹಾಲು ಬೆರೆಸಿದ ಹಾಗೆ. ನೀಹಾರಿಕೆ ಇರುವ ಜಾಗದಲ್ಲಿ ಎರಡು ಮೂರು ನಕ್ಷತ್ರ ಬಿಟ್ಟರೆ ಏನೂ ಇಲ್ಲ.

ಈ ನಡುವೆ ನಮ್ಮ ಮನೆ ಎದುರು ಬಿಳಿ ಎಲ್‌ಇಡಿ ಬೀದಿದೀಪ ಬಂದಿದೆ. ಅದರದ್ದೇ ಕಾಟ ಅಂದುಕೊಂಡು ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ತರಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಮಗಳು ಈಗ ತಾರಸಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಅದೇ ನನಗೆ ಹೆಚ್ಚು ಬೇಜಾರು. ಊರೊಳಗಿನಿಂದ ನೋಡುವ ಆಸೆಯನ್ನೇ ಬಿಡಬೇಕಾ?

ಗಾಜನೂರು ರಸ್ತೆ

ಬಿಡಬೇಡಿ ಸರ್. ಆದರೆ ಬೀದಿದೀಪ ಬಂದ ಮೇಲೆ ನಾನೂ ಊರೊಳಗೆ ನೋಡುವುದು ಕಡಿಮೆ ಮಾಡಿದ್ದೇನೆ. ಅಮಾವಾಸ್ಯೆ ಹತ್ತಿರ ಬಂದಾಗ ತೀರ್ಥಹಳ್ಳಿ ರಸ್ತೆಯಲ್ಲಿ ಪರಿಚಯದವರ ಮನೆ ಅಂಗಳಕ್ಕೆ ಹೋಗುತ್ತೇನೆ. ಒಂದು ಮಾತು, ಸಕ್ರೆಬೈಲು ದಾಟಿ ಕಾಡಿನ ರಸ್ತೆ ಬದಿ ಮಾತ್ರ ನಿಲ್ಲಬೇಡಿ. ಅದು ಆನೆ ಓಡಾಡುವ ಜಾಗ.

ಸಾಗರ ಸೀಮೆ

ಊರು ಬಿಟ್ಟು ಹೋಗುವುದು ಆಮೇಲೆ. ಮೊದಲು ಆ ಬಿಳಿ ಎಲ್ಲಿಂದ ಬರುತ್ತಿದೆ ಅಂತ ನೋಡೋಣ. ಅದಕ್ಕೆ ಮೂರು ದಾರಿ ಇವೆ. ಇಡೀ ಊರಿನ ಬೆಳಕು ಗಾಳಿಯಲ್ಲಿ ಚದುರಿ ಆಕಾಶವೇ ಬೆಳ್ಳಗಾಗಿರುವುದು ಒಂದು. ಎದುರಿನ ದೀಪ ನೇರವಾಗಿ ನಿಮ್ಮ ಕಣ್ಣಿಗೋ ಕೊಳವೆಯೊಳಗೋ ನುಗ್ಗುವುದು ಇನ್ನೊಂದು. ಮೂರನೆಯದು ಗಾಜಿನದೇ ಮಬ್ಬು. ಮೊದಲನೆಯದಕ್ಕೆ ನಾವು ಮಾಡುವುದು ಕಡಿಮೆ. ಉಳಿದ ಎರಡಕ್ಕೆ ಮನೆಯಲ್ಲೇ ಮದ್ದಿದೆ.

ಇವತ್ತು ರಾತ್ರಿ ಎರಡು ಕೆಲಸ ಮಾಡಿ. ಒಂದು, ಕೊಳವೆಯ ಬಾಯಿಗೆ ಮುಚ್ಚಳ ಪೂರ್ತಿ ಹಾಕಿ ಐಪೀಸಿನಲ್ಲಿ ನೋಡಿ. ಕಗ್ಗತ್ತಲೆ ಇರಬೇಕು. ಬೂದು ಕಂಡರೆ ಬೆಳಕು ಬೇರೆಲ್ಲಿಂದಲೋ ಸೋರುತ್ತಿದೆ. ಎರಡು, ಗುರುಗ್ರಹವನ್ನು ನಡುವೆ ತನ್ನಿ. ಆಮೇಲೆ ನಿಧಾನಕ್ಕೆ ನೋಟದ ಅಂಚಿನಿಂದ ಹೊರಗೆ ತಳ್ಳಿ. ಗುರುವಿನ ಜೊತೆಗೇ ಬಿಳಿಯೂ ಹೋದರೆ ತೊಂದರೆ ಗಾಜಿನದು. ಗುರು ಹೋದ ಮೇಲೂ ಹಾಗೇ ಉಳಿದರೆ ಅದು ಆಕಾಶದ್ದು ಅಥವಾ ದೀಪದ್ದು.

ತಾರಸಿ ಮನೆ, ವಿನೋಬನಗರ

ಮಾಡಿದೆ. ಮುಚ್ಚಳ ಹಾಕಿದರೂ ಒಂದು ಅಂಚಿನಲ್ಲಿ ಬೂದು ಇತ್ತು. ಕೊಳವೆಯ ಹಿಂಭಾಗಕ್ಕೆ ಟವೆಲ್ ಹಿಡಿದರೆ ಹೋಯಿತು! ಗುರುವಿನ ಸುತ್ತ ದೊಡ್ಡ ಬಿಳಿ ವೃತ್ತ ಇದೆ. ಗುರುವನ್ನು ಹೊರಗೆ ತಳ್ಳಿದಾಗ ಮುಕ್ಕಾಲು ಪಾಲು ಬಿಳಿ ಅದರ ಜೊತೆಗೇ ಹೋಯಿತು. ಟಾರ್ಚನ್ನು ಓರೆಯಾಗಿ ಹಿಡಿದು ಒಳಗೆ ನೋಡಿದೆ. ಕನ್ನಡಿಯ ಮೇಲೆ ಜೇಡರ ಬಲೆಯಂಥ ಎಳೆಗಳು ಕಾಣುತ್ತಿವೆ. 25 ಮಿಮೀ ಐಪೀಸಿನ ಮೇಲುಗಾಜಿನಲ್ಲೂ ಒಂದು ಚುಕ್ಕೆ ಇದೆ.

ಸಾಗರ ಸೀಮೆ

ಬೂಷ್ಟು ಮಾರಾಯ್ರೆ! ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಹಿಡಿಯುತ್ತದೆ. ಗಾಜನ್ನು ಬಿಡುತ್ತದಾ? ಸ್ಪಂಜು ಹಾಕಿದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ ಬರುತ್ತದೆ. ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ.

ಕನ್ನಡಿಯನ್ನು ಬಟ್ಟೆಯಿಂದ ಒರೆಸಲೇಬೇಡಿ. ಮನೆಯ ಕನ್ನಡಿಗೆ ಲೇಪ ಹಿಂದೆ ಇರುತ್ತದೆ, ಇದಕ್ಕೆ ಮುಂದೆ. ಅಲ್ಯೂಮಿನಿಯಂನ ತೀರಾ ತೆಳು ಪದರ. ಒಂದು ಕಣ ಮರಳು ಸಾಕು ಗೀರು ಬೀಳಲು. ಕನ್ನಡಿಯ ಚೌಕಟ್ಟಿಗೂ ಕೊಳವೆಗೂ ಸೇರಿಸಿ ಪೆನ್ನಿನಲ್ಲಿ ಒಂದು ಗೆರೆ ಎಳೆದು ಆಮೇಲೆ ಬಿಚ್ಚಿ. ವಾಪಸ್ ಹಾಕುವಾಗ ಅದೇ ಗೆರೆ ಸೇರಿಸಿದರಾಯಿತು. ಬೇಸಿನ್‌ನಲ್ಲಿ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಕನ್ನಡಿಯನ್ನು ಹತ್ತು ನಿಮಿಷ ಮುಳುಗಿಸಿಡಿ. ಆಮೇಲೆ ನೀರಿನೊಳಗೇ ಹತ್ತಿಯ ಉಂಡೆಯನ್ನು ಅದರ ಭಾರದಲ್ಲೇ ಎಳೆಯಿರಿ, ಒತ್ತಬೇಡಿ. ಒಂದೊಂದು ಎಳೆತಕ್ಕೂ ಹೊಸ ಹತ್ತಿ. ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದು ಓರೆಯಾಗಿ ನಿಲ್ಲಿಸಿ ಒಣಗಿಸಿ. ಬೋರ್‌ವೆಲ್ ನೀರಿನಲ್ಲೇ ಬಿಟ್ಟರೆ ಸುಣ್ಣದ ಕಲೆ ಉಳಿಯುತ್ತದೆ. ಬೂಷ್ಟು ಲೇಪವನ್ನೇ ತಿಂದಿದ್ದರೆ ಅಲ್ಲಿ ಗುರುತು ಹೋಗುವುದಿಲ್ಲ. ಆದರೂ ನೋಟಕ್ಕೆ ಅದರಿಂದ ಅಷ್ಟು ತೊಂದರೆ ಇಲ್ಲ.

ಐಪೀಸಿನ ಹೊರಗಾಜಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೃದುವಾದ ಬಟ್ಟೆ ಸಾಕು. ಒಳಗೆ ಹಿಡಿದಿದ್ದರೆ ಬಿಚ್ಚಲು ಹೋಗಬೇಡಿ, ಬೇರೆ ತೆಗೆದುಕೊಳ್ಳುವುದು ಒಳ್ಳೆಯದು. ಮುಂದಿನ ಮಳೆಗಾಲಕ್ಕೆ ಐಪೀಸುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿ ಆಗುತ್ತದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಊರಿನ ಮನೆಯಲ್ಲಿ ಕೆಲವರು ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರಲಿ ಅಂತ ಇಡುತ್ತಾರೆ. ಹೊಗೆಯ ಜಿಡ್ಡು ಬೂಷ್ಟಿಗಿಂತ ಕೆಟ್ಟದ್ದು, ಬೇಡ.

ಹಿಂಭಾಗದ ಸೋರಿಕೆಗೆ ಕಪ್ಪು ಬಟ್ಟೆಯ ಚೀಲ ಹೊಲಿದು ಹಾಕಿ. ನೋಡುವಾಗ ತೆಗೆಯದಿದ್ದರೂ ಪರವಾಗಿಲ್ಲ. ಬಾಯಿಯ ಕಡೆ ಹಳೆಯ ಯೋಗ ಮ್ಯಾಟನ್ನು ಒಂದು ಅಡಿ ಮುಂದೆ ಬರುವ ಹಾಗೆ ಸುತ್ತಿ. ಎದುರಿನ ದೀಪವೂ ಒಳಗೆ ಬರುವುದಿಲ್ಲ, ಇಬ್ಬನಿಯೂ ತಡವಾಗಿ ಕೂರುತ್ತದೆ. ತಲೆಯ ಮೇಲೆ ಕಪ್ಪು ಶಾಲು ಹೊದ್ದು ನೋಡಿ. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮೊಬೈಲ್ ಒಂದು ಸಲ ತೆರೆದರೆ ಮತ್ತೆ ಮೊದಲಿನಿಂದ.

ಫಿಲ್ಟರ್ ವಿಷಯ. ಹಳೆಯ ಹಳದಿ ಸೋಡಿಯಂ ದೀಪದ ಬೆಳಕು ಬಹುಪಾಲು 589 ನ್ಯಾನೋಮೀಟರ್ ಸುತ್ತ, ಅಂದರೆ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಇರುತ್ತಿತ್ತು. ಅದನ್ನು ತಡೆಯುವುದು ಸುಲಭ. ಬಿಳಿ ಎಲ್‌ಇಡಿ ಎಲ್ಲ ಬಣ್ಣದಲ್ಲೂ ಹರಡಿದೆ. ಹಾಗಾಗಿ ಆ ಫಿಲ್ಟರ್ ಸೋತಿತು. ಬೇಕೇ ಬೇಕು ಅಂದರೆ ನೀಹಾರಿಕೆಗೆಂದೇ ಇರುವ ಓ-ಥ್ರೀ ಅಥವಾ ಯುಎಚ್‌ಸಿ ಫಿಲ್ಟರ್ ತೆಗೆದುಕೊಳ್ಳಿ. ನೀಹಾರಿಕೆಯ ಆಮ್ಲಜನಕ ಸೂಸುವ 496 ಮತ್ತು 501 ನ್ಯಾನೋಮೀಟರ್ ಬೆಳಕನ್ನು ಬಿಟ್ಟು ಉಳಿದದ್ದನ್ನು ಬಹುಪಾಲು ತಡೆಯುತ್ತವೆ. ಗ್ಯಾಲಕ್ಸಿಗೆ, ನಕ್ಷತ್ರಗುಚ್ಛಕ್ಕೆ ಅವು ಉಪಯೋಗವಿಲ್ಲ. ನನ್ನನ್ನು ಕೇಳಿದರೆ ಮೊದಲು ಶಾಲು, ಆಮೇಲೆ ಫಿಲ್ಟರ್.

ಇನ್ನೊಂದು. ಓರಿಯನ್ ಈಗ ಸಂಜೆ ಪೂರ್ವದಲ್ಲಿ ತಗ್ಗಿನಲ್ಲಿರುತ್ತದೆ. ಆಗ ನೋಡಬೇಡಿ. 30 ಡಿಗ್ರಿ ಎತ್ತರದಲ್ಲಿರುವುದನ್ನು ನೋಡುವಾಗ ನೆತ್ತಿಗಿಂತ ಎರಡರಷ್ಟು ಗಾಳಿ ಅಡ್ಡ ಬರುತ್ತದೆ. ಅಡಿಕೆ ಬೇಯಿಸುವ ಕಾಲ ಬೇರೆ, ಸುತ್ತಲ ಹಳ್ಳಿಯ ಒಲೆ ಹೊಗೆ ಸಂಜೆ ಕೆಳಗೇ ನಿಂತಿರುತ್ತದೆ. ಜನವರಿ ಮೊದಲ ವಾರ ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮೂರಿನಿಂದ ಆ ನೀಹಾರಿಕೆ 70 ಡಿಗ್ರಿ ಮೇಲೆ ಬಂದಿರುತ್ತದೆ. ಫೋಕಲ್ ಲೆಂತ್ 650 ಅನ್ನು ಐಪೀಸಿನ 25ರಿಂದ ಭಾಗಿಸಿದರೆ 26, ಅಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದರಲ್ಲಿ ಹುಡುಕಿ, ಆಮೇಲೆ 10 ಮಿಮೀ ಹಾಕಿ 65 ಪಟ್ಟಿಗೆ ಹೋಗಿ. ಹಿನ್ನೆಲೆ ಕಪ್ಪಾಗುತ್ತದೆ. ನೇರ ದಿಟ್ಟಿಸಬೇಡಿ, ಪಕ್ಕಕ್ಕೆ ನೋಡುತ್ತಾ ಓರೆಗಣ್ಣಿನಲ್ಲಿ ಹಿಡಿಯಿರಿ. ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಡುವಿಗಿಂತ ಸುತ್ತ ಜಾಸ್ತಿ.

ತಾರಸಿ ಮನೆ, ವಿನೋಬನಗರ

ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ. ಕನ್ನಡಿ ತೊಳೆಯುವಾಗ ಕೈ ನಡುಗುತ್ತಿತ್ತು. ಎಳೆಗಳೆಲ್ಲ ಹೋದವು, ಒಂದು ಕಾಸಿನಗಲ ಮಂಕು ಉಳಿದಿದೆ. ಚೀಲವನ್ನು ಅಮ್ಮ ಹಳೆಯ ಕೊಡೆ ಬಟ್ಟೆಯಲ್ಲಿ ಹೊಲಿದುಕೊಟ್ಟರು. ಪಕ್ಕದ ಮನೆಯವರನ್ನು ಕರೆದು ಗುರುವಿನ ನಾಲ್ಕು ಚಂದ್ರ ತೋರಿಸಿದೆ. ಮರುದಿನದಿಂದ ಒಂಬತ್ತಾದ ಮೇಲೆ ಅವರೇ ಗೇಟಿನ ದೀಪ ಆರಿಸುತ್ತಿದ್ದಾರೆ.

ನಿನ್ನೆ ಹನ್ನೊಂದಕ್ಕೆ ಮಗಳನ್ನು ಎಬ್ಬಿಸಿದೆ. ಶಾಲಿನೊಳಗೆ ಸುಮಾರು ಹೊತ್ತು ಸುಮ್ನೆ ನಿಂತಿದ್ದವಳು, "ಅಪ್ಪಾ, ನಡುವೆ ನಾಲ್ಕು ನಕ್ಷತ್ರ ಇದೆ, ಸುತ್ತ ಹೊಗೆ" ಅಂದಳು. ನಾಲ್ಕೂ ಎಣಿಸಿದಳು! ಅಮ್ಮ ಮೇಲೆ ಬಂದು ಆರಿದ್ರಾ ಯಾವುದು ಅಂತ ಕೇಳಿದರು. ಆ ಕೆಂಪು ನಕ್ಷತ್ರ ತೋರಿಸಿದೆ. ಆರಿದ್ರಾ ಮಳೆ ಹೊತ್ತಿಗೆ ಇದು ಯಾಕೆ ಕಾಣುವುದಿಲ್ಲ ಅಂದರು. ಆಗ ಸೂರ್ಯನೇ ಅದರ ಪಕ್ಕ ಇರುತ್ತಾನೆ, ಅದಕ್ಕೇ ಆ ಮಳೆಗೆ ಆ ಹೆಸರು ಅಂದೆ. ಅಷ್ಟು ವರ್ಷ ಗದ್ದೆ ಮಾಡಿದವರು, ಆ ನಕ್ಷತ್ರವನ್ನು ಗುರುತು ಹಿಡಿದು ನೋಡಿದ್ದು ಇದೇ ಮೊದಲು.

ಆಂಡ್ರೊಮೀಡ ಗ್ಯಾಲಕ್ಸಿ ಮಾತ್ರ ಇನ್ನೂ ಒಂದು ಮಸುಕು ಗುರುತು ಅಷ್ಟೇ.

ಸಾಗರ ಸೀಮೆ

ಓದಿ ತುಂಬಾ ಖುಷಿ ಆಯಿತು. ಆಂಡ್ರೊಮೀಡ ಊರೊಳಗಿಂದ ಅಷ್ಟೇ. 25 ಲಕ್ಷ ಜ್ಯೋತಿರ್ವರ್ಷ ದೂರದ ಬೆಳಕು, ಅಗಲಕ್ಕೆ ಹರಡಿಕೊಂಡಿದೆ. ಆಕಾಶದ ಬಿಳಿಯಲ್ಲಿ ಮುಳುಗುತ್ತದೆ. ಅದಕ್ಕೆ ಹಳ್ಳಿಗೇ ಹೋಗಬೇಕು.

ಏಪ್ರಿಲ್ ಮಧ್ಯದ ಅಮಾವಾಸ್ಯೆಗೆ ಮಗಳಿಗೆ ರಜೆ ಇರುತ್ತದಲ್ವಾ, ಗಾಜನೂರು ರಸ್ತೆಯವರ ಜೊತೆ ಹೋಗಿ. ಅಲ್ಲಿ ಶಿವಮೊಗ್ಗದ ಬೆಳಕು ಬೆನ್ನಿಗಿರುತ್ತದೆ, ದಕ್ಷಿಣ ಕತ್ತಲೆ. ನಡುರಾತ್ರಿ ಹೊತ್ತಿಗೆ ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಮೂರು ಮುಷ್ಟಿ ಎತ್ತರದಲ್ಲಿ ಒಮೆಗಾ ಸೆಂಟಾರಿ ಇರುತ್ತದೆ. ಲಕ್ಷಗಟ್ಟಲೆ ನಕ್ಷತ್ರದ ಗುಂಪು. ಯುರೋಪಿನ ಹೆಚ್ಚಿನ ಕಡೆ ಅದು ಹುಟ್ಟುವುದೇ ಇಲ್ಲ, ನಮಗೆ 28 ಡಿಗ್ರಿ ಮೇಲೆ ಬರುತ್ತದೆ. 10 ಮಿಮೀ ಐಪೀಸ್ ಮರೆಯದೆ ತೆಗೆದುಕೊಂಡು ಹೋಗಿ.