ತೂಕದ ಬಗ್ಗೆ ಹಾರ್ಮೋನ್ ತಜ್ಞೆಯನ್ನು ಕೇಳಿ: ಈ ವಾರದ ಪ್ರಶ್ನೋತ್ತರ

ಅಡ್ಮಿನ್: ಈ ವಾರ ನಮ್ಮ ಗುಂಪಿನಲ್ಲಿ ಡಾಕ್ಟರ್ ಮೇಡಂ ಇದ್ದಾರೆ. ಹಾರ್ಮೋನ್ ಕಾಯಿಲೆಗಳ ತಜ್ಞೆ. ತೂಕ, ಥೈರಾಯ್ಡ್, ಸಕ್ಕರೆ ಕಾಯಿಲೆಯವರನ್ನು ದಿನವೂ ನೋಡುತ್ತಾರೆ. ವಯಸ್ಸು ಮತ್ತು ತಗೊಳ್ಳುತ್ತಿರುವ ಔಷಧಿ ಬರೆದು ಪ್ರಶ್ನೆ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬೆಳಗಿನ ನಡಿಗೆ: ಡಾಕ್ಟ್ರೇ, ನನಗೆ 44. ಎರಡು ವರ್ಷದ ಹಿಂದೆ ಊಟ ಕಡಿಮೆ ಮಾಡಿ, ದಿನಾ ನಡೆದು 14 ಕಿಲೋ ಇಳಿಸಿದ್ದೆ. ಈಗ ಅಷ್ಟೂ ವಾಪಸ್ ಬಂದಿದೆ, ಮೇಲೆ ಎರಡು ಕಿಲೋ ಬೇರೆ. ನಡಿಗೆ ಬಿಟ್ಟಿಲ್ಲ. ಹಸಿವು ಮಾತ್ರ ಮೊದಲಿಗಿಂತ ಜಾಸ್ತಿ. ಆಫೀಸಿನಲ್ಲಿ ಎಲ್ಲರೂ ಮನಸ್ಸು ಗಟ್ಟಿ ಇಲ್ಲ ಅಂತಾರೆ. ನನಗೂ ಹಾಗೇ ಅನ್ನಿಸುತ್ತಿದೆ.

ಡಾಕ್ಟರ್: ಮನಸ್ಸು ಗಟ್ಟಿ ಇಲ್ಲದವರು 14 ಕಿಲೋ ಇಳಿಸುವುದಿಲ್ಲ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನ್ ಬಿಡುತ್ತವೆ. ಅದು ಪತ್ತೆಯಾಗಿದ್ದು 1994ರಲ್ಲಿ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಮಿದುಳಿಗೆ ಬರಗಾಲ ಬಂತು ಅನ್ನಿಸುತ್ತದೆ. ಹಸಿವು ಏರುತ್ತದೆ, ದೇಹ ಖರ್ಚು ಕಡಿಮೆ ಮಾಡುತ್ತದೆ. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೂಕ ಇಳಿಸಿದವರ ರಕ್ತ ನೋಡಿದರು. ಒಂದು ವರ್ಷ ಕಳೆದರೂ ಹಸಿವಿನ ಹಾರ್ಮೋನ್‌ಗಳು ಹಳೆಯ ಮಟ್ಟಕ್ಕೆ ಮರಳಿರಲಿಲ್ಲ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರೀ ತೂಕ ಇಳಿಸಿದ 14 ಜನರನ್ನು ಆರು ವರ್ಷದ ನಂತರ ಮತ್ತೆ ಪರೀಕ್ಷಿಸಿದರು. 2016ರಲ್ಲಿ ವರದಿ ಬಂತು. ಹೆಚ್ಚಿನವರಿಗೆ ಇಳಿದ ತೂಕದಲ್ಲಿ ಬಹುಪಾಲು ವಾಪಸ್ ಬಂದಿತ್ತು. ಅವರ ದೇಹ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಉರಿಸುತ್ತಿತ್ತು. ನೀವು ಹೋರಾಡುತ್ತಿರುವುದು ಇದರ ಜೊತೆ. ನಡಿಗೆ ಬಿಡಬೇಡಿ. ತೂಕ ಇಳಿಯದಿದ್ದರೂ ಬಿಪಿಗೆ, ಸಕ್ಕರೆಗೆ, ನಿದ್ದೆಗೆ ಅದರಿಂದ ಲಾಭ ಇದೆ. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಸೇರಿಸಿ. ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಬರೆದಿಲ್ಲ, ಬರೆಯಿರಿ.

ಎರಡು ಮಕ್ಕಳ ಅಮ್ಮ: ಮೇಡಂ, ಬಿಸಿ ನೀರಿಗೆ ನಿಂಬೆ ರಸ, ಜೇನು ಹಾಕಿ ಖಾಲಿ ಹೊಟ್ಟೆಗೆ ಕುಡಿದರೆ ಕೊಬ್ಬು ಕರಗುತ್ತಾ?

ಡಾಕ್ಟರ್: ಇಲ್ಲ. ರುಚಿಗೆ ಬೇಕಾದರೆ ಕುಡಿಯಿರಿ.

ಹೆಸರು ಬೇಡ: ಡಾಕ್ಟ್ರೇ, ಇದು ನನ್ನ ಅಕ್ಕನ ವಿಷಯ. ವಯಸ್ಸು 38. ಎಂಟು ತಿಂಗಳಲ್ಲಿ 16 ಕಿಲೋ ಏರಿದ್ದಾಳೆ. ಮುಖ ದುಂಡಗಾಗಿದೆ, ಹೊಟ್ಟೆ ಮುಂದೆ ಬಂದಿದೆ, ಆದರೆ ಕೈಕಾಲು ಮೊದಲಿಗಿಂತ ಸಣ್ಣ. ರಾತ್ರಿ ಎದ್ದು ತಿನ್ನುತ್ತಾಳೆ ಅಂತ ಅವಳ ಗಂಡನ ಮನೆಯವರು ಅಡುಗೆಮನೆ ಕಪಾಟಿಗೆ ಬೀಗ ಹಾಕಿದ್ದಾರೆ. ಒಬ್ಬ ಡಾಕ್ಟರ್ ಹತ್ತಿರ ಹೋಗಿದ್ದೆವು. ಮುಟ್ಟಿಯೂ ನೋಡದೆ ಬಾಯಿ ಕಟ್ಟಿ ಅಂದುಬಿಟ್ಟರು. ಅವಳು ಈಗ ಹೊರಗೆ ಬರುವುದನ್ನೇ ಬಿಟ್ಟಿದ್ದಾಳೆ.

ಡಾಕ್ಟರ್: ನಾಲ್ಕು ಪ್ರಶ್ನೆ. ಹೊಟ್ಟೆಯ ಮೇಲೆ, ತೊಡೆಯ ಮೇಲೆ ನೇರಳೆ ಬಣ್ಣದ ಅಗಲ ಗೆರೆಗಳಿವೆಯಾ? ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತದಾ? ನೆಲದಿಂದ ಏಳಲು ಕಷ್ಟವಾ? ನೋವಿಗೆ, ಉಬ್ಬಸಕ್ಕೆ, ಚರ್ಮಕ್ಕೆ ಯಾವುದಾದರೂ ಔಷಧಿ, ಪುಡಿ, ಮುಲಾಮು ಬಳಸುತ್ತಿದ್ದಾರಾ? ಯಾರೇ ಕೊಟ್ಟಿದ್ದರೂ ಬರೆಯಿರಿ.

ಹೆಸರು ಬೇಡ: ಗೆರೆಗಳು ಇವೆ, ಬೆರಳಿನಷ್ಟು ಅಗಲ. ತೋಳಿನ ಮೇಲೆ ನೀಲಿ ಕಲೆಗಳೂ ಇವೆ. ನಾವು ಗಂಡ ಹೊಡೆದನಾ ಅಂತ ಕೇಳಿದ್ದೆವು. ನೆಲದಿಂದ ಏಳುವಾಗ ಒಂದು ಕೈಯಲ್ಲಿ ಮಂಚ ಹಿಡಿದು, ಇನ್ನೊಂದು ಕೈಯನ್ನು ಮೊಣಕಾಲಿಗೆ ಒತ್ತಿ ಏಳುತ್ತಾಳೆ. ಮಂಡಿ ನೋವಿಗೆ ಒಬ್ಬರು ಬಿಳಿ ಪುಡಿ ಕೊಡುತ್ತಾರೆ, ಕಾಗದದಲ್ಲಿ ಕಟ್ಟಿ. ಹೆಸರಿಲ್ಲ. ತಗೊಂಡ ಮಾರನೇ ದಿನಕ್ಕೇ ನೋವು ಹೋಯ್ತು ಅಂತಾಳೆ. ಒಂದು ವರ್ಷ ಆಯ್ತು. ಇವತ್ತೇ ಬಿಸಾಕಲಾ?

ಡಾಕ್ಟರ್: ಬೇಡ. ಆ ಪುಡಿಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಉಳಿದದ್ದನ್ನು ಆಮೇಲೆ ಓದಿ, ಮೊದಲು ಇದನ್ನು ಅಕ್ಕನಿಗೆ ಫೋನ್ ಮಾಡಿ ಹೇಳಿ.

ಹೇಳಿ ಬಂದಿರಾ? ಈಗ ಕಾರಣ. ಮಾರನೇ ದಿನಕ್ಕೇ ನೋವು ಹೋಗಿಸುವ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ತುಂಬಾ. ನಮ್ಮ ಮೂತ್ರಪಿಂಡಗಳ ಮೇಲೆ ಎರಡು ಪುಟ್ಟ ಗ್ರಂಥಿಗಳಿವೆ. ದೇಹಕ್ಕೆ ಬೇಕೇ ಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನ್ ತಯಾರಿಸುವುದು ಅವು. ಸ್ಟೀರಾಯ್ಡ್ ಅದರಂತೆಯೇ ಕೆಲಸ ಮಾಡುವ ಔಷಧಿ. ಹೊರಗಿನಿಂದ ತಿಂಗಳುಗಟ್ಟಲೆ ಸ್ಟೀರಾಯ್ಡ್ ಬಂದರೆ ಅವು ಕೆಲಸ ನಿಲ್ಲಿಸುತ್ತವೆ. ಆಮೇಲೆ ಪುಡಿ ಥಟ್ಟನೆ ನಿಂತರೆ ದೇಹದಲ್ಲಿ ಕಾರ್ಟಿಸಾಲ್ ಇರುವುದೇ ಇಲ್ಲ. ವಾಂತಿ, ವಿಪರೀತ ಸುಸ್ತು, ಬಿಪಿ ಕುಸಿತ. ಜೀವಕ್ಕೇ ಅಪಾಯ. ಒಂದು ಜ್ವರ ಬಂದರೂ ಸಾಕು, ತಡೆಯಲು ಆಗುವುದಿಲ್ಲ. ಹಾಗಾಗಿ ನಾವು ಗೊತ್ತಿರುವ ಮಾತ್ರೆಗೆ ಬದಲಾಯಿಸಿ, ಅಳತೆ ಮಾಡಿ, ನಿಧಾನವಾಗಿ ಇಳಿಸುತ್ತೇವೆ. ತಿಂಗಳುಗಳೇ ಹಿಡಿಯಬಹುದು.

ನಾಳೆ ಬೆಳಿಗ್ಗೆ ಫಿಜಿಶಿಯನ್ ಅಥವಾ ಹಾರ್ಮೋನ್ ತಜ್ಞರ ಹತ್ತಿರ ಹೋಗಿ. ಪುಡಿಯ ಪೊಟ್ಟಣ ಜೊತೆಗಿರಲಿ. ಬಿಪಿ, ಸಕ್ಕರೆ, ಪೊಟ್ಯಾಸಿಯಂ, ಬೆಳಗಿನ ಕಾರ್ಟಿಸಾಲ್ ನೋಡುತ್ತಾರೆ. ಅಷ್ಟರೊಳಗೆ ವಾಂತಿ, ತಲೆ ಸುತ್ತು, ಮಂಪರು ಬಂದರೆ ಕಾಯಬೇಡಿ. ನೇರ ತುರ್ತು ವಿಭಾಗಕ್ಕೆ ಹೋಗಿ, ಸ್ಟೀರಾಯ್ಡ್ ಇರಬಹುದಾದ ಪುಡಿ ಒಂದು ವರ್ಷದಿಂದ ತಗೊಳ್ಳುತ್ತಿದ್ದಾರೆ ಅಂತ ಮೊದಲ ಮಾತಿಗೇ ಹೇಳಿ.

ಪುಡಿಯಲ್ಲಿ ಏನೂ ಇಲ್ಲ ಅಂತಾದರೂ ವಿಷಯ ಮುಗಿಯುವುದಿಲ್ಲ. ದೇಹವೇ ಕಾರ್ಟಿಸಾಲ್ ಜಾಸ್ತಿ ಮಾಡುವ ಕಾಯಿಲೆ ಇದೆ, ಕುಶಿಂಗ್ ಅಂತ. ಅಪರೂಪ, ಆದರೆ ಈ ಲಕ್ಷಣಗಳಿಗೆ ಹುಡುಕಲೇಬೇಕು. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಇರಬಹುದು. ಮಧ್ಯರಾತ್ರಿಯ ಎಂಜಲು ಪರೀಕ್ಷೆ, 24 ಗಂಟೆಯ ಮೂತ್ರ, ರಾತ್ರಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟು ಬೆಳಿಗ್ಗೆ ರಕ್ತ ನೋಡುವುದು, ಇವುಗಳಿಂದ ಗೊತ್ತಾಗುತ್ತದೆ.

ಇನ್ನು ಆ ಬೀಗ. ಅಕ್ಕ ರಾತ್ರಿ ಎದ್ದು ತಿನ್ನುತ್ತಿರುವುದು ನಿಜವೇ ಇರಬಹುದು. ಸ್ಟೀರಾಯ್ಡ್ ಹಸಿವನ್ನು ಕೆರಳಿಸುತ್ತದೆ, ನಿದ್ದೆ ಕೆಡಿಸುತ್ತದೆ. ತೊಡೆಯ ಸ್ನಾಯು ಕರಗಿಸುತ್ತದೆ, ಅದಕ್ಕೇ ಮಂಚ ಹಿಡಿದು ಏಳುತ್ತಿದ್ದಾರೆ. ಚರ್ಮ ತೆಳುವಾಗಿ ನೀಲಿಗಟ್ಟುತ್ತದೆ. ಕಪಾಟಿಗೆ ಬೀಗ ಹಾಕಿದವರು ಆ ತೋಳುಗಳನ್ನು ನೋಡಿದ್ದರೆ ಈ ಕಾಯಿಲೆ ಆರು ತಿಂಗಳ ಹಿಂದೆಯೇ ಸಿಗುತ್ತಿತ್ತು. ಆ ಡಾಕ್ಟರ್ ನೋಡಿದ್ದರೂ ಸಿಗುತ್ತಿತ್ತು. ಬೀಗ ತೆಗೆಸಿ. ಈ ಉತ್ತರವನ್ನು ಅವರಿಗೂ ತೋರಿಸಿ.

ಹೆಸರು ಬೇಡ: ಫೋನ್ ಮಾಡಿದೆ ಮೇಡಂ. ನಾಳೆ ನಾನೇ ಕರೆದುಕೊಂಡು ಹೋಗುತ್ತೇನೆ.

ಶಿಸ್ತೇ ಶಕ್ತಿ: ಅಕ್ಕನಿಗೆ ಬೇಗ ಗುಣವಾಗಲಿ. ಆದರೆ ಮೇಡಂ, ನೂರರಲ್ಲಿ ಒಬ್ಬರಿಗೂ ಇಂಥ ಕಾಯಿಲೆ ಇರಲ್ಲ. ಉಳಿದವರು ತಿಂದು ದಪ್ಪ ಆಗಿರುವವರು. ನಾನು 92 ಕಿಲೋ ಇದ್ದೆ, ಈಗ 73. ಯಾವ ಹಾರ್ಮೋನೂ ನನ್ನನ್ನು ತಡೆಯಲಿಲ್ಲ. ಎಲ್ಲದಕ್ಕೂ ಕಾಯಿಲೆ ಅಂದರೆ ಜನ ಪ್ರಯತ್ನವನ್ನೇ ಬಿಡುತ್ತಾರೆ.

ದೊಡ್ಡ ಸೈಜ್: ಸಾರ್, ನಾನು ಹನ್ನೆರಡನೇ ವಯಸ್ಸಿನಿಂದ ಪ್ರಯತ್ನ ಮಾಡುತ್ತಿದ್ದೇನೆ. ಕಿವಿ ನೋವು ಅಂತ ಹೋದರೂ ತೂಕ ಇಳಿಸಿ ಅಂತಾರೆ. ಬಿಪಿ ನೋಡುವ ಪಟ್ಟಿ ನನ್ನ ತೋಳಿಗೆ ಸುತ್ತಲ್ಲ, ಎಳೆದು ಕಟ್ಟುತ್ತಾರೆ. ಅದಕ್ಕೇ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತೇನೆ.

ಡಾಕ್ಟರ್: ದೊಡ್ಡ ಸೈಜ್, ತೋಳಿಗೆ ಚಿಕ್ಕದಾದ ಪಟ್ಟಿ ಬಿಪಿಯನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದೊಡ್ಡ ಪಟ್ಟಿ ಇರುತ್ತದೆ, ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಇಲ್ಲದ ಬಿಪಿಗೆ ಮಾತ್ರೆ ನುಂಗಬೇಕಾದೀತು.

ಶಿಸ್ತೇ ಶಕ್ತಿ, ಕುಶಿಂಗ್ ಅಪರೂಪ, ಒಪ್ಪುತ್ತೇನೆ. ಬೇರೆ ಬೇರೆ ಮನೆಯಲ್ಲಿ ಬೆಳೆದ ಅವಳಿಗಳ ಅಧ್ಯಯನ 1990ರಲ್ಲಿ ಬಂತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳು ಒಟ್ಟಿಗೆ ಬೆಳೆದರೂ ಬೇರೆಯಾಗಿ ಬೆಳೆದರೂ ತೂಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಹೋಲುತ್ತಿದ್ದರು. ಅಂದರೆ ಬೆಳೆದ ಮನೆಗಿಂತ ಹುಟ್ಟಿನಿಂದ ಬಂದ ಜೀನ್ ಪ್ರಭಾವ ದೊಡ್ಡದು. ನೀವು ಇಳಿಸಿದ್ದು ಸಣ್ಣ ಸಾಧನೆ ಅಲ್ಲ. ಆದರೆ ನಿಮ್ಮ ದೇಹ ಬಿಟ್ಟುಕೊಟ್ಟಷ್ಟು ಎಲ್ಲರ ದೇಹವೂ ಬಿಟ್ಟುಕೊಡುವುದಿಲ್ಲ.

ಶಿಸ್ತೇ ಶಕ್ತಿ: ಹಾಗಾದರೆ ನಮ್ಮ ತಾತನ ಕಾಲದಲ್ಲಿ ಇಷ್ಟು ದಪ್ಪ ಜನ ಯಾಕಿರಲಿಲ್ಲ? ಜೀನ್ ಐವತ್ತು ವರ್ಷದಲ್ಲಿ ಬದಲಾಯ್ತಾ?

ಗಣಿತದ ಮೇಷ್ಟ್ರು: ಐವತ್ತು ವರ್ಷದಲ್ಲಿ ಇಡೀ ಜಗತ್ತಿನ ಶಿಸ್ತು ಒಟ್ಟಿಗೆ ಕುಸಿಯಿತಾ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 1990ರಿಂದ 2022ರೊಳಗೆ ದೊಡ್ಡವರಲ್ಲಿ ಬೊಜ್ಜು ಎರಡು ಪಟ್ಟಿಗಿಂತ ಜಾಸ್ತಿಯಾಗಿದೆ. ಹದಿಹರೆಯದವರಲ್ಲಿ ನಾಲ್ಕು ಪಟ್ಟು. ಎಲ್ಲ ದೇಶದವರೂ ಒಂದೇ ಸಲ ಸೋಮಾರಿಗಳಾದರು ಅಂತ ನಂಬಬೇಕಾ? ಬದಲಾದದ್ದು ಸುತ್ತಲಿನದು. ತಿನ್ನಲು ಸಿಗುವುದು, ಕೂತು ಮಾಡುವ ಕೆಲಸ, ನಿದ್ದೆ.

ಶಿಸ್ತೇ ಶಕ್ತಿ: ಬಾಯಿಗೆ ಹಾಕುವ ಕೈ ಯಾರದು ಮೇಷ್ಟ್ರೇ?

ದೊಡ್ಡ ಸೈಜ್: ನಿಮ್ಮ 19 ಕಿಲೋ ಕಥೆ ಈ ಗುಂಪಿನಲ್ಲಿ ಎಲ್ಲರಿಗೂ ಬಾಯಿಪಾಠ ಆಗಿದೆ. ಸಾಕು.

ಡಾಕ್ಟರ್: ಮೇಷ್ಟ್ರು ಹೇಳಿದ್ದು ಸರಿ. ಜೀನ್ ಬದಲಾಗಿಲ್ಲ. ಸುತ್ತಲಿನದು ಬದಲಾದಾಗ ಯಾರ ತೂಕ ಏರುತ್ತದೆ, ಎಷ್ಟು ಏರುತ್ತದೆ ಎಂಬುದರಲ್ಲಿ ಜೀನ್ ಪಾಲು ದೊಡ್ಡದು. ಇನ್ನೊಂದು. ಹಂಗಿಸಿದರೆ ಜನ ಸಣ್ಣಗಾಗುತ್ತಾರೆ ಅನ್ನುವುದು ಸುಳ್ಳು. ತೂಕಕ್ಕಾಗಿ ಅವಮಾನ ಅನುಭವಿಸಿದವರ ತೂಕ ಮುಂದಿನ ವರ್ಷಗಳಲ್ಲಿ ಏರುವ ಸಾಧ್ಯತೆಯೇ ಹೆಚ್ಚು ಅಂತ ಅಧ್ಯಯನಗಳು ತೋರಿಸಿವೆ. ವ್ಯಾಯಾಮಕ್ಕೆ ಹೊರಗೆ ಬರಲು ನಾಚುತ್ತಾರೆ, ಡಾಕ್ಟರ್ ಹತ್ತಿರ ಬರುವುದಿಲ್ಲ. ಮೇಲೆಯೇ ಎರಡು ಉದಾಹರಣೆ ಇದೆ.

ಸಂಜೆ ಮಲ್ಲಿಗೆ: ಮುಟ್ಟು ನಿಂತ ಮೇಲೆ ಹೊಟ್ಟೆಯ ಸುತ್ತ ಮಾತ್ರ ದಪ್ಪ ಆಗುತ್ತಿದೆ, ವಯಸ್ಸು 52. ಇದಕ್ಕೆ ಬೇರೆ ಏನಾದರೂ ಮಾಡಬೇಕಾ ಮೇಡಂ?

ಹೊಸ ಸದಸ್ಯ: ವಾರಕ್ಕೊಂದು ಸಲ ಚುಚ್ಚಿಕೊಳ್ಳುವ ತೂಕದ ಇಂಜೆಕ್ಷನ್ ಬಗ್ಗೆ ಹೇಳಿ.

ಡಾಕ್ಟರ್: ಸೆಮಾಗ್ಲುಟೈಡ್. ಕೆಲಸ ಮಾಡುತ್ತದೆ. 2021ರ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಸುಮಾರು 15% ತೂಕ ಇಳಿಯಿತು. ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಅದರ ಮೂರನೇ ಎರಡು ಭಾಗ ವಾಪಸ್ ಬಂತು. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತದಲ್ಲ, ಹಾಗೇ. ಪ್ಯಾಂಕ್ರಿಯಾಸ್ ಉರಿಯೂತ ಆಗಿದ್ದವರು, ಮನೆಯಲ್ಲಿ ಯಾರಿಗಾದರೂ ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಮೊದಲೇ ಹೇಳಬೇಕು. ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳಬೇಡಿ.

ಎಲ್ಲರ ಹಿತೈಷಿ: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ: "72 ಗಂಟೆ ಬರೀ ನೀರು. ಕೊಬ್ಬು ಕರಗುತ್ತದೆ, ಸಕ್ಕರೆ ಕಾಯಿಲೆ ಬುಡದಿಂದ ಹೋಗುತ್ತದೆ. ಮಾತ್ರೆ ಮಾರುವವರು ಇದನ್ನು ಹೇಳುವುದಿಲ್ಲ."

ಡಾಕ್ಟರ್: ಅಡ್ಮಿನ್, ದಯವಿಟ್ಟು ಇದನ್ನು ತೆಗೆಯಿರಿ. ತೆಗೆಯುವ ಮೊದಲು ಓದಿದವರಿಗೆ ಹೇಳುತ್ತೇನೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳುವವರು ಹೀಗೆ ಉಪವಾಸ ಕೂತರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುತ್ತದೆ. ನಿದ್ದೆಯಲ್ಲಿ ಆದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಡಾಪಾಗ್ಲಿಫ್ಲೋಜಿನ್ ಥರದ ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳುವವರಿಗೆ ಸಕ್ಕರೆ ಜಾಸ್ತಿ ಏರದೆಯೇ ರಕ್ತ ಆಮ್ಲೀಯ ಆಗಬಹುದು. ಗ್ಲುಕೋಮೀಟರ್ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳುತ್ತೀರಿ, ಅಷ್ಟರಲ್ಲಿ ಐಸಿಯು. ತೂಕ ಥಟ್ಟನೆ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದೂ ಉಂಟು. ಬರೆದವನ ಹೆಸರಿಲ್ಲ. ಯಾರಾದರೂ ಬಿದ್ದರೆ ಎತ್ತಿಕೊಂಡು ಬರುವವನು ಅವನಲ್ಲ.

ಎಲ್ಲರ ಹಿತೈಷಿ: ಒಳ್ಳೆಯ ಮನಸ್ಸಿಂದ ಹಾಕಿದೆ. ಇಷ್ಟು ಕೋಪ ಯಾಕೆ? ಉಪವಾಸ ಸಾವಿರಾರು ವರ್ಷದಿಂದ ಇದೆ.

ಡಾಕ್ಟರ್: ಇನ್ಸುಲಿನ್ ಹಾಕಿಕೊಂಡು ಉಪವಾಸ ಮಾಡುವುದು ಸಾವಿರಾರು ವರ್ಷದಿಂದ ಇಲ್ಲ. ಔಷಧಿಯಾಗಿ ಅದು ಬಂದದ್ದು 1922ರಲ್ಲಿ.

ಎರಡು ಮಕ್ಕಳ ಅಮ್ಮ: ಮೇಡಂ, ನಿಂಬೆ ಬೇಡ ಅಂದ್ರಿ. ಆಪಲ್ ಸೈಡರ್ ವಿನೆಗರ್?

ಡಾಕ್ಟರ್: ಅದೂ ಇಲ್ಲ. ಹಲ್ಲಿನ ಎನಾಮೆಲ್ ಸವೆಯುತ್ತದೆ.

ಹೊಸ ಸದಸ್ಯ: ಗಿಡಮೂಲಿಕೆ ಕ್ಯಾಪ್ಸೂಲ್ ಆನ್‌ಲೈನ್‌ನಲ್ಲಿ ತರಿಸಿದ್ದೇನೆ. ನೈಸರ್ಗಿಕ ಅಂತ ಡಬ್ಬಿಯ ಮೇಲೇ ಬರೆದಿದೆ. ತಗೊಂಡರೆ ಎದೆ ಡವಡವ ಅನ್ನುತ್ತದೆ.

ಡಾಕ್ಟರ್: ನಿಲ್ಲಿಸಿ. ಇಂಥ ಡಬ್ಬಿಗಳಲ್ಲಿ ಸಿಬುಟ್ರಮೈನ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತದೆ ಅಂತ 2010ರಲ್ಲಿ ಮಾರುಕಟ್ಟೆಯಿಂದ ತೆಗೆದ ಔಷಧಿ ಅದು. ಇವತ್ತೇ ಇಸಿಜಿ ಮಾಡಿಸಿ.

ಮಗಳ ಅಪ್ಪ: ಮಗಳಿಗೆ 11 ವರ್ಷ. ಶಾಲೆಯಲ್ಲಿ ತರಗತಿಯ ಎದುರಿಗೇ ತೂಕ ನೋಡಿ ಜೋರಾಗಿ ಓದಿದರಂತೆ. ಅಂದಿನಿಂದ ಊಟದ ಡಬ್ಬಿ ಹಾಗೇ ವಾಪಸ್ ಬರುತ್ತಿದೆ. ಡಯಟ್ ಚಾರ್ಟ್ ಕೊಡುತ್ತೀರಾ?

ಶಿಸ್ತೇ ಶಕ್ತಿ: ಶಾಲೆಯವರು ಆರೋಗ್ಯದ ದೃಷ್ಟಿಯಿಂದ ನೋಡಿರುತ್ತಾರೆ. ಈಗಲೇ ಎಚ್ಚರ ಆದರೆ ಒಳ್ಳೆಯದಲ್ವಾ?

ದೊಡ್ಡ ಸೈಜ್: ಹನ್ನೊಂದು ವರ್ಷದ ಮಗು ಅದು. ನಿಮಗೆ ಮನುಷ್ಯತ್ವ ಇದೆಯಾ?

ಶಿಸ್ತೇ ಶಕ್ತಿ: ನಿಜ ಹೇಳಿದರೆ ಮನುಷ್ಯತ್ವ ಇಲ್ಲ. ಸರಿ, ಎಲ್ಲರನ್ನೂ ಮುದ್ದು ಮಾಡುತ್ತಾ ಕೂತಿರಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಕಾಮೆಂಟ್ ಬಂದರೆ ಗುಂಪಿನಿಂದ ತೆಗೆಯುತ್ತೇನೆ.

ಡಾಕ್ಟರ್: ಮಗಳ ಅಪ್ಪ, ಚಾರ್ಟ್ ಕೊಡುವುದಿಲ್ಲ. ಊಟ ಬಿಟ್ಟಿರುವ ಮಗುವಿಗೆ ಡಯಟ್ ಅಂದರೆ ಅವಳ ಭಯ ನಿಜ ಅಂತ ನೀವೇ ಒಪ್ಪಿದ ಹಾಗೆ. ಈ ವಯಸ್ಸಿನಲ್ಲಿ ಎತ್ತರ ಏರುವ ಮೊದಲು ಕೆಲವು ಮಕ್ಕಳ ತೂಕ ಏರುತ್ತದೆ. ಮಕ್ಕಳ ಡಾಕ್ಟರ್ ಬೆಳವಣಿಗೆಯ ಪಟ್ಟಿ ನೋಡಿ ಹೇಳುತ್ತಾರೆ, ಒಮ್ಮೆ ತೋರಿಸಿ. ಶಾಲೆಗೆ ಹೋಗಿ ಇನ್ನು ಮುಂದೆ ಎಲ್ಲರೆದುರು ತೂಕ ನೋಡಬಾರದು ಅಂತ ಬರೆದು ಕೊಡಿ. ಬಾಯಿಮಾತು ಸಾಲದು. ಮನೆಯಲ್ಲಿ ಯಾರ ತೂಕದ ಮಾತೂ ಬೇಡ, ನಿಮ್ಮದೂ ಸೇರಿ. ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಊಟ ಆದ ತಕ್ಷಣ ಬಾತ್‌ರೂಮಿಗೆ ಹೋಗುವುದು, ತಲೆ ಸುತ್ತು, ತೂಕ ಬೇಗ ಇಳಿಯುವುದು ಕಂಡರೆ ತಡ ಮಾಡಬೇಡಿ. ಅದು ಊಟದ ಕಾಯಿಲೆಯ ಶುರು ಇರಬಹುದು. ಅದಕ್ಕೆ ಮನೋವೈದ್ಯರ ಸಹಾಯವೂ ಬೇಕು.

ಮಗಳ ಅಪ್ಪ: ನಾಳೆಯೇ ಶಾಲೆಗೆ ಹೋಗುತ್ತೇನೆ. ಪತ್ರ ಹೆಡ್‌ಮಾಸ್ಟರಿಗಾ, ಕ್ಲಾಸ್ ಟೀಚರಿಗಾ?

ಗಣಿತದ ಮೇಷ್ಟ್ರು: ಹೆಡ್‌ಮಾಸ್ಟರಿಗೆ ಕೊಡಿ, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಮಗಳನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ.

ಎರಡು ಮಕ್ಕಳ ಅಮ್ಮ: ಮೇಡಂ, ಜೀರಿಗೆ ನೀರು?

ಡಾಕ್ಟರ್: ಇಲ್ಲ.