ಈಸ್ಟರ್ ಸೋಮವಾರವೇ ಮತ್ತೆ ಜಗಳ: ಹಸಿರು ಬಟ್ಟೆಯ ತಿಂಗಳುಗಳಲ್ಲಿ ಏನು ಮಾಡುವುದು?

ಸೂಜಿದಾರ, ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರಾದರೆ ಬಿಟ್ಟು ಬಿಟ್ಟು ಓದಿ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹನ್ನೊಂದು ವರ್ಷದಿಂದ ನಮ್ಮ ಚರ್ಚಿನ ಬಲಿಪೀಠದ ಬಟ್ಟೆಗಳ ಜವಾಬ್ದಾರಿಯೂ ನನ್ನದೇ. ಹೊಲಿಯುವುದು, ಒಗೆಯುವುದು, ಗಂಜಿ ಹಾಕುವುದು, ಇಸ್ತ್ರಿ ಮಾಡುವುದು ಎಲ್ಲಾ. ಪೀಠದ ಮೇಲೆ ಹಾಸುವ ಬಟ್ಟೆ ವರ್ಷವಿಡೀ ಬಿಳಿಯೇ. ಮುಂದೆ ಇಳಿಬಿಡುವುದರ ಬಣ್ಣ ಮಾತ್ರ ಬದಲಾಗುತ್ತದೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲಕ್ಕೂ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲಕ್ಕೂ ನೇರಳೆ. ಕ್ರಿಸ್ಮಸ್‌ಗೆ, ಈಸ್ಟರ್‌ಗೆ ಬಿಳಿ. ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ, ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂತೆಕೋಸ್ತ್‌ಗೆ ಕೆಂಪು. ಶುಭ ಶುಕ್ರವಾರ ಪೀಠಕ್ಕೆ ಬಟ್ಟೆಯೇ ಇಲ್ಲ, ಬೋಳು. ಉಳಿದ ದಿನವೆಲ್ಲ ಹೆಚ್ಚುಕಮ್ಮಿ ಹಸಿರು. ನನ್ನ ಟ್ರಂಕಿನಲ್ಲಿ ಮೊದಲು ಮಾಸಿದ್ದು ಯಾವುದು ಗೊತ್ತಾ? ಹಸಿರೇ. ವರ್ಷದಲ್ಲಿ 33-34 ವಾರ ಅದಕ್ಕೇ ಡ್ಯೂಟಿ. ನೇರಳೆ ಇನ್ನೂ ನಿನ್ನೆ ಅಂಗಡಿಯಿಂದ ತಂದ ಹಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕೆಳಗಿನ ಮನೆಯಲ್ಲಿ ನಾವು, ಮೇಲೆ ನನ್ನ ಓರಗಿತ್ತಿ, ಅಕ್ಕ ಅನ್ನುತ್ತೇನೆ. ಸಂಪು, ಮೋಟರು ಎರಡೂ ಮನೆಗೆ ಒಂದೇ. ಇಷ್ಟು ಹೇಳಿದರೆ ಗೊತ್ತಾಯಿತಲ್ಲ. ಫೆಬ್ರವರಿ 18ಕ್ಕೆ, ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಂಡಾಗ ಮಾಂಸ ಬಿಡುವುದರ ಜೊತೆಗೆ ಇನ್ನೊಂದು ತೀರ್ಮಾನ ಮಾಡಿದೆ. ಅಕ್ಕ ಏನೇ ಅಂದರೂ ಎದುರು ಮಾತಾಡಬಾರದು. ಸತ್ಯವಾಗಿ ಹೇಳುತ್ತೇನೆ, ಏಪ್ರಿಲ್ 5ರ ಈಸ್ಟರ್‌ವರೆಗೆ ಒಂದೇ ಒಂದು ಮಾತು ಆಡಲಿಲ್ಲ. ಶುಕ್ರವಾರ ಶುಕ್ರವಾರ ಶಿಲುಬೆ ಹಾದಿ ಪ್ರಾರ್ಥನೆ ಮುಗಿಸಿ ಬಂದು, ಮೆಟ್ಟಿಲ ಮೇಲೆ ಅವರು ಗೊಣಗುವುದನ್ನು ಕೇಳಿಸಿಕೊಂಡು, ಸುಮ್ನೆ ಮಿಷನ್ ತುಳಿದಿದ್ದೇನೆ.

ಈಸ್ಟರ್ ಮಾರನೇ ದಿನ ಸೋಮವಾರ. ಹಿಂದಿನ ವಾರದ ಬಟ್ಟೆ ಎಲ್ಲಾ ಒಗೆಯಲು ಬಂದಿತ್ತು. ಈಸ್ಟರ್ ಹಿಂದಿನ ದಿನದ ಜಾಗರಣೆ ರಾತ್ರಿ ಬಿಳಿ ಬಟ್ಟೆಯ ಮೇಲೆ ಮೇಣ ಬಿದ್ದು ಬಿಲ್ಲೆ ಬಿಲ್ಲೆಯಾಗಿತ್ತು. ಉಗುರಿನಿಂದ ಕೆರೆದು, ಪೇಪರ್ ಇಟ್ಟು ಇಸ್ತ್ರಿ ಒತ್ತಿ ಮೇಣ ತೆಗೆದು, ಆಮೇಲೆ ನೆನೆಸಿ ಮೂರು ನೀರು ಜಾಲಿಸಿದೆ. ಬೇಸಿಗೆ. ಸಂಪು ತಳ ಕಂಡಿತು. ಮೇಲಿಂದ ಅಕ್ಕ, "ಚರ್ಚಿನ ಬಟ್ಟೆ ಒಗೆಯೋಕೆ ನಮ್ಮ ಮನೆ ನೀರೇ ಬೇಕಿತ್ತಾ?" ಅಂದರು. ನಾನು ಬಾಯಿ ಮುಚ್ಚಿಕೊಳ್ಳಬಹುದಿತ್ತು. "ಮೊದಲು ನಿಮ್ಮ ಮಗನ್ನ ಪೂಜೆಗೆ ಕರ್ಕೊಂಡು ಬನ್ನಿ, ಆಮೇಲೆ ನೀರಿನ ಲೆಕ್ಕ ಹೇಳಿ" ಅಂದುಬಿಟ್ಟೆ. ಆ ಹುಡುಗ ಚರ್ಚಿಗೆ ಬರದೆ ಎರಡು ವರ್ಷ ಆಗಿದೆ. ಅವರಿಗೆ ಅದು ಎಲ್ಲಿ ನೋಯುತ್ತದೆ ಅಂತ ಚೆನ್ನಾಗಿ ಗೊತ್ತಿದ್ದೇ ಅಂದೆ.

ಈಗ ಜುಲೈ. ಮಾತಿಲ್ಲ. ಪೆಂತೆಕೋಸ್ತ್ ಆಯಿತು, ಹಸಿರು ಬಟ್ಟೆ ಹಾಕಿದೆ, ಅದು ನವೆಂಬರ್ ಕೊನೆವರೆಗೂ ಇರುತ್ತದೆ. ಇನ್ನೊಂದು ಚಿಲ್ಲರೆ ವಿಷಯ. ಪೀಠದ ಬಿಳಿ ಬಟ್ಟೆ ನಾಲ್ಕು ಮೀಟರ್, ಮಡಿಸಲು ಇಬ್ಬರು ಬೇಕು. ಇಷ್ಟು ವರ್ಷ ಇನ್ನೊಂದು ತುದಿ ಹಿಡಿಯುತ್ತಿದ್ದದ್ದು ಅಕ್ಕನೇ. ಈಗ ಮಂಚದ ಮೇಲೆ ಹರಡಿ ಒಬ್ಬಳೇ ಮಡಿಸುತ್ತೇನೆ, ಗೀಟು ಸೊಟ್ಟ ಬರುತ್ತದೆ.

ನನ್ನ ಪ್ರಶ್ನೆ ಇಷ್ಟೇ. 40 ದಿನ ಬಿಟ್ಟಿದ್ದು ಒಂದೇ ದಿನದಲ್ಲಿ ಯಾಕೆ ವಾಪಸ್ ಬರುತ್ತದೆ? ಹಾಗಾದರೆ ಆ ತಪಸ್ಸು ಬರೀ ನಾಟಕವಾ?

ಕೂಳೆ, ಪಾಂಡವಪುರ

ಅಮ್ಮ, ನಾನು ಸಿಎಸ್ಐ (ಪ್ರೊಟೆಸ್ಟಂಟ್) ಸಭೆಯವನು. ನಮ್ಮಲ್ಲೂ ಲೆಂಟ್, ಅಂದರೆ ನಿಮ್ಮ ತಪಸ್ಸು ಕಾಲ, ಇದೆ, ನಮ್ಮ ಮನೆಯಲ್ಲೂ ಜಗಳ ಇದೆ.

ನನ್ನ ಹೆಸರು ನೋಡಿ ನಗಬೇಡಿ. ಕಬ್ಬು ಕಡಿದ ಮೇಲೆ ಬುಡ ಹಾಗೇ ಬಿಟ್ಟರೆ ಮತ್ತೆ ಚಿಗುರುತ್ತದೆ, ಅದಕ್ಕೆ ನಮ್ಮ ಕಡೆ ಕೂಳೆ ಬೆಳೆ ಅನ್ನುತ್ತೇವೆ. ಹೊಸದಾಗಿ ನಾಟಿ ಮಾಡಿದ್ದಕ್ಕಿಂತ ಬೇಗ ಬರುತ್ತದೆ. ಯಾಕೆ? ಬೇರು ಆಗಲೇ ಇಳಿದಿರುತ್ತದೆ, ಬಿತ್ತನೆ ಖರ್ಚಿಲ್ಲ. ನೀವು 40 ದಿನ ಕಡಿದಿದ್ದು ಮೇಲಿನ ಕಬ್ಬನ್ನು. ಮೆಟ್ಟಿಲ ಹತ್ತಿರ ಸುಮ್ಮನಿದ್ದಾಗ ಮನಸ್ಸಿನೊಳಗೆ ಏನು ಹೇಳಿಕೊಳ್ಳುತ್ತಿದ್ದಿರಿ? ಅದು ಬುಡ. ಮಗನ ವಿಷಯ ಆ ಸೋಮವಾರ ಥಟ್ಟನೆ ಹೊಳೆದ ಮಾತಲ್ಲ, ಅಲ್ವಾ?

ನಾಟಕ ಅಂತ ನಾನು ಹೇಳುವುದಿಲ್ಲ. ಕಡಿದಿದ್ದಕ್ಕೇ ತಾನೇ ಬುಡ ಕಣ್ಣಿಗೆ ಬಿದ್ದಿದ್ದು. ಇಲ್ಲದಿದ್ದರೆ ಸೋಗೆ ಮಧ್ಯೆ ಏನೂ ಕಾಣುತ್ತಿರಲಿಲ್ಲ.

ಮದ್ದೂರು ವಡೆ

ನಾನು ಕ್ರೈಸ್ತನಲ್ಲ, ಸುಮ್ನೆ ಓದುತ್ತಿದ್ದೆ. ನಾನು ವರ್ಷಾ ವರ್ಷಾ ಅಯ್ಯಪ್ಪನ ಮಾಲೆ ಹಾಕುತ್ತೇನೆ. 41 ದಿನ ತಣ್ಣೀರು ಸ್ನಾನ, ಬೀಡಿ ಇಲ್ಲ, ಬೈಗುಳ ಇಲ್ಲ, ಎದುರಿಗೆ ಬಂದವರೆಲ್ಲ ಸ್ವಾಮಿ. ಮಾಲೆ ತೆಗೆದ ಸಂಜೆ ನನ್ನ ಹೆಂಡತಿ ಕೇಳುತ್ತಾಳೆ, "ಸ್ವಾಮಿ ಹೋದ್ರಾ? ನಮ್ಮೆಜಮಾನ್ರು ಬಂದ್ರಾ?" ಉತ್ತರ ಗೊತ್ತಿಲ್ಲ ಅಮ್ಮ. ನೀವೊಬ್ಬರೇ ಅಲ್ಲ ಅಂತ ಹೇಳೋಣ ಅನ್ನಿಸಿತು.

ಪ್ಲಂಬರ್ ಬುದ್ಧಿ

ಎರಡು ಸಂಪು ಮಾಡಿಸಿ. ಅರ್ಧ ಭಕ್ತಿ ವಾಪಸ್ ಬರುತ್ತದೆ.

ಹಳೇ ಉಪದೇಶಿ, ಕೆ.ಆರ್. ನಗರ

ಮಗಳೇ, ಮೂವತ್ತು ವರ್ಷ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟಿದ್ದೇನೆ, ಅದರ ಚಟ ಇನ್ನೂ ಹೋಗಿಲ್ಲ. ಎರಡು ಮಾತು.

ಒಂದು, ನಮ್ಮ ಜನಕ್ಕೆ ಲೆಕ್ಕ ತಪ್ಪಿದೆ. ತಪಸ್ಸು 40 ದಿನ, ಭಾನುವಾರ ಸೇರಿಸಿದರೆ 46. ಆದರೆ ಈಸ್ಟರ್ ಹಬ್ಬ 50 ದಿನ, ಪೆಂತೆಕೋಸ್ತ್‌ವರೆಗೆ. ಉಪವಾಸಕ್ಕಿಂತ ಹಬ್ಬ ದೊಡ್ಡದು. ನಾವು ಅದನ್ನು ಒಂದೇ ಮಧ್ಯಾಹ್ನದ ಬಿರಿಯಾನಿಯಲ್ಲಿ ಮುಗಿಸಿಬಿಡುತ್ತೇವೆ. ನೀನು ಸೋಮವಾರ ಜಗಳವಾಡಿದ್ದು ಹಬ್ಬದ ಎರಡನೇ ದಿನ. ಹಬ್ಬ ಮುಗಿದ ಮೇಲೆ ಅಂತ ತಿಳಿದುಕೊಂಡಿದ್ದೀಯ.

ಎರಡನೆಯದು ಹಸಿರಿನ ವಿಷಯ. ಹಸಿರು ಅಂದರೆ ರಜಾ ಅಲ್ಲ. ಈ ವರ್ಷ ಭಾನುವಾರದ ಪಾಠಕ್ಕೆ ಮತ್ತಾಯನ ಶುಭಸಂದೇಶದ ಸರದಿ. ಫೆಬ್ರವರಿ 15ರ ಭಾನುವಾರ, ಬೂದಿ ಬುಧವಾರಕ್ಕೆ ಮೂರೇ ದಿನ ಮುಂಚೆ, ನೀನು ಹಾಕಿದ ಹಸಿರು ಬಟ್ಟೆ ಇನ್ನೂ ಇಳಿಬಿದ್ದಿದ್ದಾಗ, ಐದನೇ ಅಧ್ಯಾಯ ಓದಿದರು. ಪೀಠದ ಮುಂದೆ ಕಾಣಿಕೆ ತಂದಿದ್ದೀಯ, ನಿನ್ನ ಮೇಲೆ ಒಬ್ಬರಿಗೆ ಮನಸ್ತಾಪ ಇದೆ ಅಂತ ಅಲ್ಲಿ ನೆನಪಾಯಿತು. ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ರಾಜಿಯಾಗು, ಆಮೇಲೆ ಬಂದು ಅರ್ಪಿಸು. ಕೆಲವು ಕಡೆ ಆ ದಿನ ಚಿಕ್ಕ ಪಾಠ ಓದುತ್ತಾರೆ, ಅದರಲ್ಲಿ ಈ ಮಾತು ಬಿಟ್ಟುಹೋಗುತ್ತದೆ. ನಿನ್ನ ಚರ್ಚಿನಲ್ಲೂ ಹಾಗೇ ಆಗಿರಬಹುದು, ನಿನ್ನನ್ನು ದೂರುವುದಿಲ್ಲ. ಆದರೆ ಗಮನಿಸು, ಅಲ್ಲಿ "ನಿನಗೆ ಅವರ ಮೇಲೆ" ಅಂತಿಲ್ಲ. "ಅವರಿಗೆ ನಿನ್ನ ಮೇಲೆ" ಅಂತಿದೆ. ನೀರಿನ ಮಾತು ಅವರದು, ಇರಲಿ. ಮಗನ ಮಾತು ನಿನ್ನದು.

ಸೆಪ್ಟೆಂಬರಿನಲ್ಲಿ, ಅದೂ ಹಸಿರಿನಲ್ಲೇ, ಹದಿನೆಂಟನೇ ಅಧ್ಯಾಯ ಬರುತ್ತದೆ. ಎಷ್ಟು ಸಲ ಕ್ಷಮಿಸಲಿ, ಏಳು ಸಲವಾ ಅಂತ ಶಿಷ್ಯ ಪೇತ್ರ ಕೇಳುವುದು, ಏಳಲ್ಲ, ಏಳೆಪ್ಪತ್ತು ಅಂತ ಯೇಸು ಹೇಳುವುದು. ಅದಕ್ಕೆ ಒಂದು ವಾರ ಮುಂಚೆ ಇನ್ನೊಂದು ಪಾಠ. ಏನಾದರೂ ತಪ್ಪಾಗಿದ್ದರೆ ಹೋಗಿ ಇಬ್ಬರೇ ಇದ್ದಾಗ ಮಾತಾಡು ಅಂತ. ಇಂಟರ್ನೆಟ್‌ನಲ್ಲಿ ಹಾಕು ಅಂತ ಅಲ್ಲಿಲ್ಲ ಮಗಳೇ.

ನಮ್ಮ ಪಕ್ಕದ ಡೋರ್ನಹಳ್ಳಿಯ ಸಂತ ಅಂತೋಣಿ ಚರ್ಚಿಗೆ ಮಂಗಳವಾರ ಎಷ್ಟು ಜನ ಬರುತ್ತಾರೆ ನೋಡಿದ್ದೀಯಲ್ಲ. ಜೂನ್ 13ರ ಹಬ್ಬಕ್ಕಂತೂ ಕಾಲಿಡಲು ಜಾಗವಿಲ್ಲ. ಅಲ್ಲಿನ ಅಂತೋಣಿಯವರ ಪ್ರತಿಮೆ ಸಿಕ್ಕಿದ್ದು ಹೊಲ ಉಳುತ್ತಿದ್ದ ರೈತನಿಗೆ ಅಂತ ಹಿರಿಯರು ಹೇಳುತ್ತಾರೆ. ಹರಕೆ ಹೊತ್ತು ಹುಡುಕಿಕೊಂಡು ಹೊರಟವನಿಗಲ್ಲ. ನನಗೆ ಆ ಕಥೆಯಲ್ಲಿ ಇದೇ ಇಷ್ಟ.

ಸೂಜಿದಾರ, ಮೈಸೂರು

ಸ್ವಾಮಿ, ಇಂಟರ್ನೆಟ್ ಮಾತು ಚೆನ್ನಾಗಿ ನಾಟಿತು. ಕೂಳೆ ಅಣ್ಣ, ನೀವು ಹೇಳಿದ್ದೂ ನಿಜ. ಆ ಮಾತನ್ನು ತಪಸ್ಸು ಕಾಲದಲ್ಲೇ ಎಷ್ಟೋ ಸಲ ಮನಸ್ಸಿನಲ್ಲಿ ಹೊಲಿದು ರೆಡಿ ಮಾಡಿಟ್ಟಿದ್ದೆ. ಗುಂಡಿ ಹಾಕುವುದಷ್ಟೇ ಬಾಕಿ ಇತ್ತು. ಎರಡು ಸಂಪಿಗೆ ದುಡ್ಡಿಲ್ಲ.

ಸೂಜಿದಾರ, ಮೈಸೂರು (ಒಂಬತ್ತು ದಿನದ ನಂತರ)

ಆಮೇಲೆ ಏನಾಯಿತು ಅಂತ ಇಬ್ಬರು ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಗುರುವಾರ ಬಿಳಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದೆ. ಅರ್ಧಕ್ಕೇ ಸ್ವಿಚ್ ಆಫ್ ಮಾಡಿ ಮೇಲೆ ಹೋದೆ. ಅಕ್ಕ ಅವರೆಕಾಳು ಹಿಸುಕುತ್ತಿದ್ದರು. "ಅಕ್ಕಾ, ಮಗನ ವಿಷಯ ನಾನು ಎತ್ತಬಾರದಿತ್ತು" ಅಂದೆ. ಬೇರೆ ಏನೇನೋ ಹೇಳಬೇಕು ಅಂದುಕೊಂಡು ಹೋಗಿದ್ದೆ, ಬರಲಿಲ್ಲ. ಅವರು ತಲೆ ಎತ್ತಲಿಲ್ಲ. ಎರಡು ಹಿಡಿ ಕಾಳು ಹಿಸುಕುವಷ್ಟು ಹೊತ್ತು ನಿಂತೇ ಇದ್ದೆ. ಆಮೇಲೆ, "ಸಂಪು ಕ್ಲೀನ್ ಮಾಡ್ಸೋಕೆ ಜನ ಕರೀಬೇಕು, ಅರ್ಧ ದುಡ್ಡು ನಿಂದು" ಅಂದರು. ಆಯಿತು ಅಂದೆ. ಅಷ್ಟೇ. ಅಳುವುದು, ತಬ್ಬಿಕೊಳ್ಳುವುದು ಯಾವುದೂ ಆಗಲಿಲ್ಲ.

ಶನಿವಾರ ಸಂಜೆ ಮಂಚದ ಮೇಲೆ ಬಟ್ಟೆ ಹರಡಿಕೊಂಡು ಕೂತಿದ್ದೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅಕ್ಕ ಒಳಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಆ ಕಡೆಯ ತುದಿ ಎತ್ತಿಕೊಂಡರು. ಹಿಂದೆ ಹಿಂದೆ ಬಾಗಿಲವರೆಗೆ ಹೋಗಿ ಎಳೆದು ಹಿಡಿದರು.

"ಸರಿಯಾಗಿ ಹಿಡಿ" ಅಂದರು. "ನಿನ್ನ ಕಡೆ ಅರ್ಧ ಗೇಣು ಜಾಸ್ತಿ ಹೋಗಿದೆ."